ಹಳೇ ಗಾಡೀಲಿ ಸೇಲ್ಸ್‌ಗೆ ಹೋಗೋರಿಗೆ: ಕೋಲಾರ ಚಿಕ್ಕಬಳ್ಳಾಪುರದ ಕಡೆ ಕಸ್ಟಮರ್ ಏನ್ ನೋಡ್ತಾರೆ, ನಾವೇನ್ ಮಾಡ್ಬೇಕು

ಡ್ರಿಪ್ ಮಾರೋರು, ಪಂಪ್‌ಸೆಟ್‌ನೋರು, ಬೀಜ ಗೊಬ್ಬರದ ಕಂಪನಿ ಹುಡುಗ್ರು, ಇನ್ಶೂರೆನ್ಸ್ ಏಜೆಂಟ್ರು, ಲೇಔಟಲ್ಲಿ ಸೈಟ್ ತೋರಿಸೋರು, ಎಲ್ರಿಗೂ ಇರೋ ಒಂದು ಚಿಂತೆ ಏನಂದ್ರೆ ಗಾಡಿ ಹಳೇದಾಯ್ತು, ಪಾರ್ಟಿ ಏನಂದ್ಕೊಳ್ತಾರೋ ಅಂತ. 2011 ಮಾಡೆಲ್ ವ್ಯಾಗನ್ ಆರೋ ಆಲ್ಟೋನೋ ಇರುತ್ತೆ, ಇಂಜಿನ್ ಗಟ್ಟಿಯಾಗೇ ಇರುತ್ತೆ, ಆದ್ರೂ ನಾಲ್ಕು ಮನೆ ಹಿಂದೇನೇ ನಿಲ್ಲಿಸ್ಬಿಟ್ಟು ಬಿಸಿಲಲ್ಲಿ ನಡ್ಕೊಂಡು ಹೋಗೋರು ಎಷ್ಟೋ ಜನ ಇದಾರೆ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ. ಜನ ಗಾಡಿ ನೋಡೇ ನೋಡ್ತಾರೆ. ಆದ್ರೆ ಎಷ್ಟನೇ ಇಸವಿದು ಅಂತ ಲೆಕ್ಕ ಹಾಕೋದು ಕಮ್ಮಿ, ಇವನು ಅದನ್ನ ಹೆಂಗಿಟ್ಕೊಂಡಿದಾನೆ, ಇವನು ಮಾರೋ ಸಾಮಾನಿಗೂ ಗಾಡಿಗೂ ತಾಳೆ ಆಗುತ್ತಾ, ಇದೆರಡನ್ನ ನೋಡ್ತಾರೆ. ಎರಡೂ ನಮ್ಮ ಕೈಲಿರೋ ವಿಷ್ಯಾನೇ, ಅದಕ್ಕೇ ಹೊಸ ಗಾಡಿಗೆ ಬ್ಯಾಂಕಿಗೆ ಓಡೋಕೆ ಮುಂಚೆ ಇದನ್ನ ಒಂದ್ಸಲ ಓದಿ.

ಗಾಡಿಯಿಂದ ಏನೂ ವ್ಯತ್ಯಾಸ ಆಗಲ್ಲ, ಮಾತು ಚೆನ್ನಾಗಿದ್ರೆ ಸಾಕು ಅನ್ನೋರೂ ಇದಾರೆ, ಅದು ಪೂರ್ತಿ ನಿಜ ಅಲ್ಲ. 1968ರಲ್ಲಿ ಅಮೆರಿಕದಲ್ಲಿ ಡೂಬ್ ಮತ್ತೆ ಗ್ರಾಸ್ ಅನ್ನೋರು ಒಂದು ಪ್ರಯೋಗದ ವಿಷ್ಯ ಪ್ರಕಟ ಮಾಡಿದ್ರು. ಸಿಗ್ನಲಲ್ಲಿ ಹಸಿರು ಬಿದ್ಮೇಲೂ ಒಂದು ಗಾಡಿ ಬೇಕಂತಾನೇ ಹಂಗೇ ನಿಂತಿರೋದು, ಹಿಂದಿನೋರು ಎಷ್ಟು ಹೊತ್ತಿಗೆ ಹಾರ್ನ್ ಹೊಡೀತಾರೆ ಅಂತ ಇವ್ರು ಲೆಕ್ಕ ಇಡೋದು. ಹಳೇ ಮಂಕು ಗಾಡಿ ನಿಂತಿದ್ರೆ ಬೇಗ ಹಾರ್ನ್ ಹೊಡೆದ್ರು, ಹೊಳೆಯೋ ದುಬಾರಿ ಗಾಡಿ ಇದ್ರೆ ಸ್ವಲ್ಪ ತಡ್ಕೊಂಡ್ರು. ನಮ್ಮ ಕೋಲಾರ ಬಸ್‌ಸ್ಟ್ಯಾಂಡ್ ಹತ್ರ ಯಾವ ಗಾಡಿ ನಿಂತ್ರೂ ಎರಡನೇ ಸೆಕೆಂಡಿಗೇ ಹೊಡೀತಾರೆ, ಅದು ಬಿಡಿ. ಅದಕ್ಕೂ ಹಿಂದೆ 1920ರಲ್ಲೇ ಥಾರ್ನ್‌ಡೈಕ್ ಅನ್ನೋ ಮನಶ್ಶಾಸ್ತ್ರಜ್ಞ ತೋರಿಸಿದ್ದ, ಒಬ್ಬ ಮನುಷ್ಯನ ಒಂದು ಗುಣ ಚೆನ್ನಾಗಿ ಕಂಡ್ರೆ ಉಳಿದಿದ್ದೆಲ್ಲಾನೂ ಚೆನ್ನಾಗೇ ಇರ್ಬೇಕು ಅಂತ ನಾವೇ ಅಂದ್ಕೊಂಡ್ಬಿಡ್ತೀವಿ ಅಂತ. ಕೆಟ್ಟದಕ್ಕೂ ಅದೇ ಲೆಕ್ಕ. ಬಂಪರ್ ಬೈಂಡಿಂಗ್ ವೈರಲ್ಲಿ ನೇತಾಡ್ತಿದ್ರೆ, ಇವನು ಸರ್ವೀಸೂ ಹಿಂಗೇ ಕೊಡ್ತಾನೆ ಅಂತ ಅವ್ರ ತಲೇಲಿ ಬಂದೇ ಬರುತ್ತೆ.

ಮೊದಲ್ನೇ ಕೆಲಸ, ನಿಮ್ಮ ಕಸ್ಟಮರ್ ನಿಮ್ಮ ಗಾಡಿ ನೋಡ್ತಾನಾ, ಅದ್ರಲ್ಲಿ ಕೂರ್ತಾನಾ ಅಂತ ಯೋಚ್ನೆ ಮಾಡಿ

ಎಪಿಎಂಸಿ ಮಂಡಿ, ಪೇಟೆ ಅಂಗಡಿ, ಡೀಲರ್ ಪಾಯಿಂಟು, ಇಲ್ಲಿಗೆ ಹೋಗೋರಾದ್ರೆ ಗಾಡಿ ಚಿಂತೆ ಇವತ್ತೇ ಬಿಟ್ಬಿಡಿ. ಕೋಲಾರ ಟೊಮ್ಯಾಟೊ ಮಂಡಿ ಒಳಗಡೆ ಸೀಜನಲ್ಲಿ ಕ್ಯಾಂಟರು, ಟೆಂಪೋ, ಕ್ರೇಟ್ ರಾಶಿ ಮಧ್ಯೆ ಮನುಷ್ಯ ನುಗ್ಗೋಕೇ ಜಾಗ ಇರಲ್ಲ, ನೀವು ಏನರಲ್ಲಿ ಬಂದ್ರಿ ಅಂತ ನೋಡೋಕೆ ಯಾರಿಗೂ ಪುರ್ಸೊತ್ತಿಲ್ಲ. ಅಲ್ಲಿ ಬೈಕಲ್ಲಿ ಹೋದ್ರೆ ಇನ್ನೂ ಒಳ್ಳೇದು.

ಫ್ಯಾಕ್ಟರಿಗಳಿಗೆ ಸಪ್ಲೈ ಮಾಡೋರು, ನರಸಾಪುರ, ವೇಮಗಲ್, ಮಾಲೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಹೋಗೋರು, ನಿಮ್ಮ ಗಾಡೀನ ನೋಡೋನು ಪರ್ಚೇಸ್ ಮ್ಯಾನೇಜರ್ ಅಲ್ಲ, ಗೇಟಲ್ಲಿರೋ ಸೆಕ್ಯೂರಿಟಿ. ಅವ್ನಿಗೆ ಬೇಕಾಗಿರೋದು ಗಾಡಿ ನಂಬರು, ಇನ್ಶೂರೆನ್ಸು, ಎಮಿಷನ್, ಸೀಟ್ ಬೆಲ್ಟು, ಎಷ್ಟೋ ಕಡೆ ರಿವರ್ಸ್ ಹಾಕಿ ನಿಲ್ಲಿಸ್ಬೇಕು ಅನ್ನೋ ರೂಲ್ಸು. ಇನ್ಶೂರೆನ್ಸ್ ಮುಗ್ದೋಗಿದೆ ಅಂತ ಗೇಟಲ್ಲೇ ನಿಂತು ಒಳಗಡೆ ಸಾಹೇಬ್ರಿಗೆ ಫೋನ್ ಮಾಡಿ ಬಿಡ್ಸ್ಕೊಳ್ಳೋದಿದ್ಯಲ್ಲ, ಗಾಡಿ ಹಳೇದಾಗಿರೋದಕ್ಕಿಂತ ಹತ್ತು ಪಟ್ಟು ಮರ್ಯಾದೆ ಹೋಗೋದು ಅದ್ರಿಂದ.

ಹಳ್ಳಿ ಕಡೆ ರೈತ್ರ ಹತ್ರ ಹೋಗೋರದ್ದು ಬೇರೇನೇ ಕಥೆ. ಇಲ್ಲಿ ಕಸ್ಟಮರ್ ಒಬ್ನೇ ಅಲ್ಲ, ಡೈರಿ ಹತ್ರ ಕೂತಿರೋರು, ಅರಳಿಕಟ್ಟೆ ಮೇಲಿರೋರು, ಎಲ್ರೂ ನೋಡ್ತಾರೆ. ಆದ್ರೆ ಇಲ್ಲೇ ತುಂಬ ಜನ ತಪ್ಪು ಲೆಕ್ಕ ಹಾಕೋದು. ಮಿರಮಿರ ಅನ್ನೋ ದೊಡ್ಡ ಗಾಡೀಲಿ ಇಳಿದು ಡ್ರಿಪ್ ಕೊಟೇಶನ್ ಕೊಟ್ರೆ ರೈತ ಮೊದ್ಲು ಯೋಚ್ನೆ ಮಾಡೋದೇ ಇವನ ಗಾಡಿ ಕಂತು ನಮ್ಮ ಪೈಪಿನ ರೇಟಲ್ಲೇ ಸೇರ್ಕೊಂಡಿದೆ ಅಂತ. ಕೆಲವ್ರು ಬಾಯ್ಬಿಟ್ಟೇ ಹೇಳ್ತಾರೆ, "ಏನಪ್ಪ, ಜೋರಾಗಿದೀಯ, ನಮ್ ಹತ್ರಾನೇ ಬಂತಾ ಇಷ್ಟೂ?" ಅಂತ. ಅದೇ ಮೂರ್ನಾಲ್ಕು ವರ್ಷದಿಂದ ಅದೇ ಹೋಬಳೀಲಿ ಅದೇ ಬಿಳಿ ಗಾಡಿ ಓಡಾಡ್ತಾ ಇದ್ರೆ, ಅದು ನಿಮಗೇ ಗೊತ್ತಿಲ್ದಂಗೆ ಕೆಲಸ ಮಾಡಿರುತ್ತೆ. ನಮ್ಮ ಕಡೆ ರೈತನ ಭಯ ಏನು, ಮಾರಿ ಹೋದೋನು ಫಿಲ್ಟರ್ ಕಟ್ಕೊಂಡಾಗ, ಮೋಟ್ರು ಸುಟ್ಟೋದಾಗ ಸಿಗಲ್ಲ ಅನ್ನೋದು ತಾನೆ. ಆ ಗಾಡಿ ಹೋದ್ ವರ್ಷಾನೂ ಬಂದಿತ್ತು, ಈ ವರ್ಷಾನೂ ಬಂದಿದೆ ಅಂದ್ರೆ ಓಡೋಗೋ ಆಸಾಮಿ ಅಲ್ಲ ಅಂತ ಲೆಕ್ಕ. ಇನ್ನೊಂದು, ಇಲ್ಲಿ ಗಾಡಿ ನೋಡಿ ಮನುಷ್ಯನ ದುಡ್ಡು ಅಳೆಯೋ ಅಭ್ಯಾಸ ನಮ್ಮ ರೈತ್ರಿಗೇ ಕಮ್ಮಿ, ಯಾಕಂದ್ರೆ ಅವ್ರೇ ಹಂಗಿರಲ್ಲ. 2023 ಜುಲೈನಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು 2000 ರೂಪಾಯಿ ದಾಟಿದಾಗ ಲಕ್ಷ ಲಕ್ಷ ಎಣಿಸ್ಕೊಂಡೋರೂ ಹಳೇ ಟಿವಿಎಸ್ ಎಕ್ಸೆಲ್‌ನಲ್ಲೇ ತೋಟಕ್ಕೆ ಹೋಗ್ತಿದ್ರು.

ಗಾಡಿ ನಿಜವಾಗ್ಲೂ ಲೆಕ್ಕಕ್ಕೆ ಬರೋದು ಕಸ್ಟಮರ್ ನಿಮ್ ಗಾಡೀಲಿ ಕೂರೋವಾಗ. ಸೈಟು, ತೋಟ, ವಿಲ್ಲಾ ಮಾರೋರು ಇದನ್ನ ಗಮನ ಇಟ್ಟು ಓದಿ. ಭಾನುವಾರ ಬೆಂಗಳೂರಿಂದ ಗಂಡ ಹೆಂಡ್ತಿ ಮಕ್ಕಳು ನಂದಿಬೆಟ್ಟದ ಕಡೆಗೋ ಮಾಲೂರು ಕಡೆಗೋ ಜಾಗ ನೋಡೋಕೆ ಬರ್ತಾರೆ, ಅವ್ರಿಗೆ ಮೊದ್ಲೇ ಪೇಪರ್ ಸರಿ ಇದ್ಯೋ ಇಲ್ವೋ, ಕನ್ವರ್ಷನ್ (ಕೃಷಿ ಜಮೀನನ್ನ ಸೈಟಿಗೆ ಬದಲಾಯಿಸೋದು) ಆಗಿದ್ಯೋ ಇಲ್ವೋ ಅನ್ನೋ ಅನುಮಾನ ಹೊಟ್ಟೇಲಿರುತ್ತೆ. ಅಂಥೋರನ್ನ ಎಸಿ ಓಡದೆ ಇರೋ, ಹಿಂದಿನ ಬಾಗ್ಲು ಹೊರಗಿಂದಾನೇ ತೆಗೀಬೇಕಾಗಿರೋ ಗಾಡೀಲಿ ಕೂರಿಸ್ಕೊಂಡು ಗುಂಡಿ ರಸ್ತೇಲಿ ಹೋದ್ರೆ ಲೇಔಟ್ ಮೇಲೂ ಅನುಮಾನ ಬರುತ್ತೆ. ಇದಕ್ಕೆ ಖರ್ಚಿಲ್ಲದ ದಾರಿ ಇದೆ, ಅವ್ರ ಗಾಡೀಲೇ ಬರೋಕೆ ಹೇಳಿ, ನೀವು ಮುಂದಿನ ಸೀಟಲ್ಲಿ ಕೂತು ದಾರಿ ತೋರಿಸಿ. ಮಾತಾಡೋಕೂ ಟೈಮ್ ಸಿಗುತ್ತೆ, ಅವ್ರ ಎಸಿ, ಅವ್ರ ಹಾಡು, ಮಕ್ಕಳೂ ಗಲಾಟೆ ಮಾಡಲ್ಲ. ಹಂಗಾಗಲಿಲ್ಲ ಅಂದ್ರೆ ಅವತ್ತೊಂದಿನ ಟ್ಯಾಕ್ಸಿ ಮಾಡಿ. ತಿಂಗ್ಳಿಗೆ ಎರಡು ಮೂರು ಸಲ ಟ್ಯಾಕ್ಸಿ ಮಾಡಿದ್ರೂ ಹೊಸ ಗಾಡಿ ಕಂತಿಗಿಂತ ಕಮ್ಮೀನೇ ಬೀಳುತ್ತೆ.

ಇನ್ನು ಇನ್ಶೂರೆನ್ಸ್, ಮ್ಯೂಚುವಲ್ ಫಂಡ್ ಮಾರೋರು. ನೀವು ಹೇಳೋದೇ ದುಡ್ಡು ಉಳಿಸಿ ಅಂತ, ಸಾಲ ಮಾಡಿ ತಂದಿರೋ ಗಾಡೀಲಿ ಬಂದು ಅದನ್ನ ಹೇಳೋದಕ್ಕಿಂತ ಶುಭ್ರವಾಗಿರೋ ಹಳೇ ಗಾಡೀಲಿ ಬಂದು ಹೇಳಿದ್ರೆ ಮಾತಿಗೂ ಗಾಡಿಗೂ ಹೊಂದುತ್ತೆ.

ಎರಡನೇದು, ಗಾಡೀನ ರೆಡಿ ಮಾಡೋದು

ಶಬ್ದದಿಂದ ಶುರು ಮಾಡಿ. ಹಳ್ಳೀಲಿ ನಿಮಗಿಂತ ಮುಂಚೆ ನಿಮ್ಮ ಗಾಡಿ ಶಬ್ದ ಹೋಗಿ ಮುಟ್ಟುತ್ತೆ. ಸೈಲೆನ್ಸರ್ ತೂತು, ಬೆಲ್ಟ್ ಕಿರ್ರ್ ಅನ್ನೋದು, ಬ್ರೇಕ್ ಕೀಚು, ಇವು ಸಣ್ಣ ಕೆಲಸಗಳು, ನಂಬಿಕಸ್ತ ಮೆಕ್ಯಾನಿಕ್ ಹತ್ರ ಅರ್ಧ ದಿನ ಬಿಟ್ರೆ ಮುಗಿಯುತ್ತೆ, ಪೇಂಟಿಂಗ್‌ಗೆ ದುಡ್ಡು ಹಾಕೋಕೆ ಮುಂಚೆ ಇದು ಮಾಡಿಸಿ.

ಆಮೇಲೆ ಹೆಡ್‌ಲೈಟು. ಹಳೇ ಗಾಡೀನ ಹಳೇದು ಅಂತ ದೂರದಿಂದ್ಲೇ ತೋರ್ಸೋದು ಹಳದಿ ತಿರುಗಿರೋ ಹೆಡ್‌ಲೈಟ್ ಗ್ಲಾಸು. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕು, ಬಿಸಿಲಿನ ಯುವಿ ಕಿರಣಕ್ಕೆ ಮೇಲಿನ ಪದರ ಹಾಳಾಗಿ ಹಳದಿ ಆಗೋದು. ಟೂತ್‌ಪೇಸ್ಟ್ ಹಚ್ಚಿ ಉಜ್ಜೋ ವಿಡಿಯೋ ಎಲ್ರೂ ನೋಡಿರ್ತೀರ, ಅವತ್ತಿಗೆ ಹೊಳೆಯುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಸರಿಯಾಗಿ ಆಗ್ಬೇಕು ಅಂದ್ರೆ ವಾಟರ್ ಪೇಪರ್ 1000, ಆಮೇಲೆ 2000, ಆಮೇಲೆ 3000, ಹಿಂಗೆ ನೀರು ಹಾಕ್ತಾ ಉಜ್ಜಿ, ಪಾಲಿಶ್ ಹಾಕಿ, ಕೊನೇಗೆ ಯುವಿ ಕೋಟಿಂಗ್ ಹೊಡೀಬೇಕು. ಆ ಕೋಟಿಂಗ್ ಬಿಟ್ರೆ ಪಟ್ಟ ಕಷ್ಟ ಎಲ್ಲಾ ದಂಡ. ರಾತ್ರಿ ಬೆಳಕೂ ಚೆನ್ನಾಗಿ ಬೀಳುತ್ತೆ, ಅದು ಲಾಭಕ್ಕೆ ಲಾಭ.

ತೊಳೆಯೋ ವಿಷ್ಯ ನಮ್ಮ ಜಿಲ್ಲೆಯೋರಿಗೇ ಸ್ಪೆಷಲ್ ಆಗಿ ಹೇಳ್ಬೇಕು. ನಮ್ದು ಸಾವಿರ ಅಡಿ ದಾಟಿರೋ ಬೋರ್‌ವೆಲ್ ನೀರು, ಗಡಸು. ಬಿಸಿಲಲ್ಲಿ ತೊಳೆದು ಹಂಗೇ ಒಣಗೋಕೆ ಬಿಟ್ರೆ ಗಾಡಿ ತುಂಬ ಬಿಳಿ ಚುಕ್ಕಿ, ತೊಳೀದೇ ಇದ್ದಿದ್ರೇ ಚೆನ್ನಾಗಿತ್ತು ಅನ್ನಂಗೆ ಕಾಣುತ್ತೆ. ಬೆಳಗ್ಗೆ ಬಿಸಿಲು ಏರೋ ಮುಂಚೆ ತೊಳೀರಿ, ತಕ್ಷಣ ಮೈಕ್ರೋಫೈಬರ್ ಬಟ್ಟೇಲಿ ಒರೆಸಿ. ಇರೋ ಕಲೆಗೆ ಬಿಳಿ ವಿನಿಗರ್ ಅಷ್ಟೇ ನೀರು ಬೆರೆಸಿ ನೆರಳಲ್ಲಿ ಒರೆಸಿ ಚೆನ್ನಾಗಿ ತೊಳೆದ್ಬಿಡಿ. ಮನೇಲಿ ಆರ್‌ಒ ಮೆಷಿನ್‌ನಿಂದ ವೇಸ್ಟ್ ಬರೋ ನೀರಲ್ಲಿ ಗಾಡಿ ತೊಳೆಯೋರು ತುಂಬ ಜನ ಇದಾರೆ, ನೀರು ಉಳಿಸೋ ಯೋಚ್ನೆ ಒಳ್ಳೇದೇ, ಆದ್ರೆ ಆ ನೀರಲ್ಲಿ ಉಪ್ಪು ಸುಣ್ಣ ಎಲ್ಲಾ ಇನ್ನೂ ಜಾಸ್ತಿ ಸೇರಿರುತ್ತೆ, ಅದನ್ನ ಬಾತ್‌ರೂಂ ತೊಳೆಯೋಕೆ ಇಟ್ಕೊಳ್ಳಿ, ಗಾಡಿಗೆ ಬೇಡ. ಕೆಳಗಡೆ ಕೆಂಪು ಧೂಳು ಇದ್ರೆ ತಲೆ ಕೆಡಿಸ್ಕೊಬೇಡಿ, ಹಳ್ಳಿಗೆ ಬಂದೋನ ಗಾಡೀಲಿ ಧೂಳಿಲ್ಲ ಅಂದ್ರೇನೇ ಅನುಮಾನ.

ಡೆಂಟು, ಗೀಟು ಇದ್ರೆ ಇರ್ಲಿ. ತುಕ್ಕು, ನೇತಾಡೋ ಬಂಪರು, ಒಡೆದ ಇಂಡಿಕೇಟರು, ಟೇಪ್ ಅಂಟಿಸಿರೋ ಮಿರರ್ರು, ಇವು ಇರಬಾರ್ದು. ನಾಲ್ಕು ವೀಲ್ ಕ್ಯಾಪಲ್ಲಿ ಒಂದು ಬಿದ್ದೋಗಿದ್ರೆ ಉಳಿದ ಮೂರೂ ಕಿತ್ತಾಕಿ, ಒಂದು ರೂಪಾಯಿ ಖರ್ಚಿಲ್ಲ, ಗಾಡಿ ಒಂದೇ ಸಮ ಕಾಣುತ್ತೆ.

ಟಯರ್ ಬಗ್ಗೆ, ಹಳ್ಳಿಯೋರು ಟ್ರ್ಯಾಕ್ಟರ್ ಇಟ್ಕೊಂಡಿರೋರು, ಬೋಳು ಟಯರ್ ಅವ್ರ ಕಣ್ಣಿಗೆ ಮೊದ್ಲು ಬೀಳುತ್ತೆ. ಟಯರ್ ಮೇಲಿರೋ ಗುಂಡಿ (ಗೀರು) ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಆಗಿದ್ರೆ ಬದಲಾಯಿಸ್ಲೇಬೇಕು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ನೇ ಇಸವಿ 23ನೇ ವಾರದಲ್ಲಿ ಮಾಡಿದ್ದು ಅಂತ, ಗುಂಡಿ ಚೆನ್ನಾಗಿದ್ರೂ ತುಂಬ ಹಳೇದಾಗಿದ್ರೆ ರಬ್ಬರ್ ಬಿರುಕು ಬಿಟ್ಟಿದ್ಯಾ ನೋಡ್ಕೊಳ್ಳಿ, ಹೈವೇಲಿ ಮುಳಬಾಗಿಲು ಕಡೆ ಮಧ್ಯಾಹ್ನ ಬಿಸಿಲಲ್ಲಿ ಓಡಿಸೋರು ಇದನ್ನ ಲೈಟಾಗಿ ತಗೋಬೇಡಿ.

ಒಳಗಡೆದು ಹೊರಗಡೆಗಿಂತ ಮುಖ್ಯ. ನಮ್ಮ ಕಡೆ ರೈತ ಮಾತು ಮುಗಿಸಿ "ನಡೀರಿ, ತೋಟ ನೋಡ್ಕೊಂಡ್ ಬರೋಣ" ಅಂತ ಸೀದಾ ಬಂದು ಮುಂದಿನ ಸೀಟಿನ ಬಾಗ್ಲು ತೆಗೀತಾರೆ. ಅವಾಗ ನೀವು ಫೈಲು, ನೀರಿನ ಬಾಟ್ಲು, ಟಿಫನ್ ಬಾಕ್ಸು, ನಿನ್ನೆ ತಿಂದ ಕಡ್ಲೇಕಾಯಿ ಸಿಪ್ಪೆ ಎಲ್ಲಾ ಹಿಂದಕ್ಕೆ ಎತ್ತಾಕೋಕೆ ನಿಂತ್ಕೊಂಡ್ರೆ ಆ ಒಂದು ನಿಮಿಷ ಸಾಕು. ಎಡಗಡೆ ಸೀಟು ಕಸ್ಟಮರ್‌ದು ಅಂತಾನೇ ಅಂದ್ಕೊಂಡು ಯಾವಾಗ್ಲೂ ಖಾಲಿ ಇಡಿ, ನಿಮ್ಮ ಸಾಮಾನಿಗೆ ಡಿಕ್ಕೀಲಿ ಒಂದು ಕ್ರೇಟ್ ಇಡಿ, ಟೊಮ್ಯಾಟೊ ಕ್ರೇಟ್ ಸಿಗಲ್ಲ ಅನ್ನೋಂಗಿಲ್ಲ ಈ ಊರಲ್ಲಿ.

ವಾಸ್ನೆ. ಔಷಧಿ ಕಂಪನಿಯೋರು ದಯವಿಟ್ಟು ಕೇಳಿ, ಕ್ರಿಮಿನಾಶಕದ ಸ್ಯಾಂಪಲ್ ಬಾಟ್ಲುಗಳನ್ನ ಸೀಟ್ ಕೆಳಗೆ ಇಟ್ಕೊಂಡು ಓಡಾಡ್ಬೇಡಿ, ಮುಚ್ಚಳ ಇರೋ ಬಾಕ್ಸಲ್ಲಿ ಹಾಕಿ ಡಿಕ್ಕೀಲಿಡಿ. ಬಂದು ಕೂತೋರಿಗೆ ತಲೆನೋವು ಅನ್ನೋದು ಆಮೇಲಿನ ಮಾತು, ದಿನಾ ಅದನ್ನ ಉಸಿರಾಡ್ತಿರೋರು ನೀವು. ಆ ವಾಸ್ನೆ ಮುಚ್ಚೋಕೆ ಸೆಂಟ್ ಡಬ್ಬಿ ನೇತಾಕಿದ್ರೆ ಎರಡೂ ಸೇರಿ ಇನ್ನೂ ಕೆಟ್ಟದು. ಎಸಿ ಹಾಕಿದ್ರೆ ಮುಗ್ಗಲು ವಾಸ್ನೆ ಬರ್ತಾ ಇದ್ರೆ ಕ್ಯಾಬಿನ್ ಫಿಲ್ಟರ್ ಬದಲಾಯಿಸಿ, ಆಮೇಲೆ ಇಳಿಯೋಕೆ ಎರಡು ಮೂರು ನಿಮಿಷ ಮುಂಚೆ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿ, ಒಳಗಿನ ತೇವ ಆರುತ್ತೆ, ಬೂಷ್ಟು ಕಟ್ಟೋದು ಕಮ್ಮಿ ಆಗುತ್ತೆ.

ಸ್ಟಿಕ್ಕರ್ ವಿಷ್ಯಕ್ಕೆ ಒಂದು ಮಾತು. ದೇವ್ರ ಸ್ಟಿಕ್ಕರ್ ತೊಂದ್ರೆ ಇಲ್ಲ. ರಾಜಕೀಯ ಪಾರ್ಟಿ ಸ್ಟಿಕ್ಕರು, ಲೀಡರ್ ಫೋಟೋ, ಜಾತಿ ಹೆಸ್ರು, ಇವೆಲ್ಲಾ ತೆಗೀರಿ, ನಮ್ಮ ಕಡೆ ಒಂದೇ ಬೀದೀಲಿ ಎದುರುಬದುರು ಮನೆಯೋರು ಬೇರೆ ಬೇರೆ ಗುಂಪು, ಒಬ್ರಿಗೆ ಮಾರೋಕೋಗಿ ಇನ್ನೊಬ್ರನ್ನ ಕಳ್ಕೊಳ್ತೀರ. ಹಿಂದೆ ಕೆಲಸ ಮಾಡ್ತಿದ್ದ ಕಂಪನಿ ಸ್ಟಿಕ್ಕರ್ ಹಿಂದಿನ ಗ್ಲಾಸಲ್ಲಿ ಇನ್ನೂ ಇದ್ರೆ ಇವತ್ತೇ ಕೆರೆದಾಕಿ. ಕಪ್ಪು ಫಿಲ್ಮೂ ಬೇಡ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿರೋದು, ಕಸ್ಟಮರ್ ಪಕ್ಕದಲ್ಲಿ ಕೂತಿರೋವಾಗ ಪೊಲೀಸ್ರು ನಿಲ್ಲಿಸಿದ್ರೆ ನೀವು ಹೇಳ್ತಿದ್ದ ರೇಟು, ಸ್ಕೀಮು ಎಲ್ಲಾ ಮರ್ತೋಗುತ್ತೆ ಅವ್ರಿಗೆ.

ಪೇಪರ್ರು

ಹಳೇ ಗಾಡಿ ಇಟ್ಕೊಂಡೋರು ಪೇಪರ್ ವಿಷ್ಯದಲ್ಲಿ ಹೊಸ ಗಾಡಿಯೋರಿಗಿಂತ ಸ್ಟ್ರಾಂಗ್ ಇರ್ಬೇಕು. ಸ್ವಂತ ಗಾಡಿ ಆರ್‌ಸಿ 15 ವರ್ಷಕ್ಕೆ ಇರುತ್ತೆ, ಆಮೇಲೆ ಎಫ್‌ಸಿ (ಗಾಡಿ ಫಿಟ್ ಆಗಿದೆ ಅನ್ನೋ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂವಲ್, 2022 ಏಪ್ರಿಲಿಂದ ಕಾರಿಗೆ ಅದ್ರ ಫೀಸು 5000 ರೂಪಾಯಿ ಆಯ್ತು, ಗಾಡಿ 20 ವರ್ಷ ದಾಟಿದ್ರೆ ಈಗ ಇನ್ನೂ ಜಾಸ್ತಿ, ಗ್ರೀನ್ ಟ್ಯಾಕ್ಸ್ ಬೇರೆ. ಡೀಸೆಲ್ ಹತ್ತು ವರ್ಷಕ್ಕೇ ಗುಜರಿಗೆ ಹಾಕ್ಬೇಕಂತೆ ಅಂತ ವಾಟ್ಸಾಪಲ್ಲಿ ಬರೋದು ದೆಹಲಿ ಸುತ್ತಮುತ್ತಲಿನ ರೂಲ್ಸು, ಕರ್ನಾಟಕಕ್ಕಲ್ಲ, ಕಸ್ಟಮರ್ ಯಾರಾದ್ರೂ ಅದನ್ನ ತೆಗೆದು ರೇಗಿಸಿದ್ರೆ ನೀವು ತಣ್ಣಗೆ ಇದನ್ನ ಹೇಳೋ ಥರ ಇರ್ಬೇಕು. ಎಮಿಷನ್ ಬಿಎಸ್ 4 ಗಾಡಿಗೆ ಒಂದು ವರ್ಷ, ಅದಕ್ಕಿಂತ ಹಳೇದಕ್ಕೆ ಆರೇ ತಿಂಗ್ಳು, ಇದನ್ನ ಮರೆಯೋರೇ ಜಾಸ್ತಿ. 2019 ಏಪ್ರಿಲ್‌ಗಿಂತ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕ್ಸಿಲ್ಲ ಅಂದ್ರೆ ಹಾಕ್ಸಿ, ಹೊಸ ನಂಬರ್ ಪ್ಲೇಟ್ ಇದ್ರೆ ಹಳೇ ಗಾಡೀಗೂ ಒಂಚೂರು ಕಳೆ ಬರುತ್ತೆ.

ಮೂರನೇದು, ಪಾರ್ಟಿ ಮುಂದೆ ಹೆಂಗಿರ್ಬೇಕು

ಅವ್ರು ಕೇಳ್ದೆ ಇರೋವಾಗ ನೀವಾಗೇ ಗಾಡಿ ಮಾತೇ ಎತ್ಬೇಡಿ. "ಹೊಸಾದು ಬುಕ್ ಮಾಡಿದೀನಿ ಅಣ್ಣ, ಡೆಲಿವರಿ ಲೇಟು", "ಇದು ನಮ್ ಭಾವಂದು, ನಂದು ಸರ್ವೀಸಿಗೆ ಬಿಟ್ಟಿದೀನಿ", ಈ ಡೈಲಾಗ್ ಎಲ್ಲಾ ಕೇಳಿ ಕೇಳಿ ಅವ್ರಿಗೂ ಸಾಕಾಗಿದೆ. ಅಲ್ಲಿವರ್ಗೂ ಗಾಡಿ ಗಮನಿಸ್ದೇ ಇದ್ದೋರೂ ಆಮೇಲೆ ತಿರುಗಿ ನೋಡ್ತಾರೆ. ಅವ್ರೇ ಕೇಳಿದ್ರೆ, "ಚೆನ್ನಾಗಿ ಓಡ್ತಾ ಇದೆ ಯಜಮಾನ್ರೆ, ಕೈಬಿಟ್ಟಿಲ್ಲ" ಅಂತ ಹೇಳಿ ಅವ್ರ ಬೋರ್‌ವೆಲ್ಲಿಗೆ ಎಷ್ಟು ಇಂಚು ನೀರಿದೆ ಕೇಳಿ, ಮಾತು ತಾನಾಗೇ ಆ ಕಡೆ ಹೋಗುತ್ತೆ.

ಫ್ರೆಂಡ್ ಇನ್ನೋವಾ ಕೇಳ್ಕೊಂಡು ಒಂದು ಮೀಟಿಂಗಿಗೆ ಹೋಗೋ ಪ್ಲಾನ್ ಬೇಡ. ನಮ್ದು ಸಣ್ಣ ಊರುಗಳು, ಚಿಂತಾಮಣೀಲಿ ಯಾರ ಗಾಡಿ ಯಾವ ನಂಬರು ಅಂತ ಟೀ ಅಂಗಡಿಯೋನಿಗೂ ಗೊತ್ತಿರುತ್ತೆ. ಎರಡನೇ ಸಲ ಆಲ್ಟೋದಲ್ಲಿ ಹೋದಾಗ ಏನ್ ಹೇಳ್ತೀರ?

ಮನೆ ಮುಂದೇನೇ ನಿಲ್ಲಿಸಿ, ಆದ್ರೆ ಟ್ರ್ಯಾಕ್ಟರ್ ತಿರುಗಿಸೋಕೆ, ಹಸು ಹೋಗೋಕೆ ಜಾಗ ಬಿಟ್ಟು ನಿಲ್ಲಿಸಿ. ಸುಗ್ಗೀಲಿ ರೋಡ್ ಮೇಲೆ ರಾಗಿ, ಹುರುಳಿ ಹಾಸಿರ್ತಾರಲ್ಲ, ಅದ್ರ ಮೇಲೆ ಓಡಿಸ್ಕೊಂಡು ಹೋಗಿ ಅಂತ ಅವ್ರಿಗೂ ಆಸೆ, ಆದ್ರೆ ಅದ್ರ ಮೇಲೆ ನಿಲ್ಲಿಸ್ಬೇಡಿ, ಸೊಪ್ಪು ಕೆಳಗಡೆ ಸುತ್ಕೊಂಡು ಬಿಸಿ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ಕೊಳ್ಳೋ ಅಪಾಯ ಇದೆ. ದಾಟಿದ್ಮೇಲೆ ಒಂದ್ಸಲ ಬಗ್ಗಿ ನೋಡಿ.

ಹಳೇ ಗಾಡಿಯಿಂದ ನಿಜವಾದ ನಷ್ಟ ಆಗೋದು ದಾರೀಲಿ ಕೈಕೊಟ್ಟಾಗ. ಹತ್ತು ಗಂಟೆಗೆ ಬರ್ತೀನಿ ಅಂತ ಹೇಳಿ ಶ್ರೀನಿವಾಸಪುರ ರೋಡಲ್ಲಿ ಬಾನೆಟ್ ಎತ್ಕೊಂಡು ನಿಂತಿದ್ರೆ ಯಾವ ಪಾಲಿಶೂ ಕಾಪಾಡಲ್ಲ. ಬ್ಯಾಟರಿ ಮೂರ್ನಾಲ್ಕು ವರ್ಷ ಆಗಿದ್ರೆ ಚೆಕ್ ಮಾಡಿಸಿ, ಮಾರ್ಚ್ ಬರೋ ಮುಂಚೆ ಕೂಲೆಂಟು, ರೇಡಿಯೇಟರ್ ಪೈಪು, ಫ್ಯಾನು ನೋಡಿಸಿ, ಸ್ಟೆಪ್ನೀಲಿ ಗಾಳಿ ಇದ್ಯಾ ನೋಡಿ, ಜಂಪರ್ ಕೇಬಲ್ ಒಂದು ಡಿಕ್ಕೀಲಿರ್ಲಿ.

ಯಾವಾಗ ಬದಲಾಯಿಸ್ಬೇಕು

ಏಳು ಲಕ್ಷ ಸಾಲ, 9.5% ಬಡ್ಡಿ, ಐದು ವರ್ಷ ಅಂದ್ರೆ ತಿಂಗ್ಳಿಗೆ 14,700 ರೂಪಾಯಿ ಕಂತು, ಐದು ವರ್ಷಕ್ಕೆ ಬಡ್ಡೀನೇ 1.8 ಲಕ್ಷದ ಮೇಲೆ. ಆ 14,700 ಹುಟ್ಟಿಸ್ಬೇಕು ಅಂದ್ರೆ ಎಷ್ಟು ಜಾಸ್ತಿ ಆರ್ಡರ್ ಬರ್ಬೇಕು ಅಂತ ನಿಮ್ಮ ಕಮಿಷನ್ ಲೆಕ್ಕದಲ್ಲಿ ಬರೆದು ನೋಡಿ, ಹೊಸ ಗಾಡಿ ನೋಡಿ ಅಷ್ಟು ಆರ್ಡರ್ ಬರುತ್ತಾ ಅಂತ ನಿಮಗೆ ನೀವೇ ಕೇಳ್ಕೊಳ್ಳಿ. ಸೈಟ್ ಮಾರೋರಿಗೆ ಬರಬಹುದು. ಪೈಪ್ ಮಾರೋರಿಗೆ ನಂಗಂತೂ ನಂಬಿಕೆ ಇಲ್ಲ.

ನನ್ನ ಕೇಳಿದ್ರೆ ಬದಲಾಯಿಸೋಕೆ ಕಸ್ಟಮರ್‌ಗಿಂತ ಗಟ್ಟಿ ಕಾರಣ ಸೇಫ್ಟಿ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ಚಕ್ರ ಲಾಕ್ ಆಗ್ದಂಗೆ ನೋಡ್ಕೊಳ್ಳೋದು) ಎಲ್ಲಾ ಹೊಸ ಕಾರಲ್ಲೂ ಕಡ್ಡಾಯ ಆಗಿದ್ದು 2019 ಏಪ್ರಿಲಿಂದ, ಡ್ರೈವರ್ ಏರ್‌ಬ್ಯಾಗ್ 2019 ಜುಲೈಯಿಂದ. ಅದಕ್ಕಿಂತ ಮುಂಚಿನ ಬೇಸ್ ಮಾಡೆಲ್‌ಗಳಲ್ಲಿ ಎಷ್ಟೋದ್ರಲ್ಲಿ ಎರಡೂ ಇರಲ್ಲ, ದಿನಾ ಹೈವೇಲಿ ಲಾರಿಗಳ ಮಧ್ಯೆ ಓಡಾಡೋರು ಇದನ್ನ ಯೋಚ್ನೆ ಮಾಡ್ಲೇಬೇಕು, ಮನೇಲಿ ಹೇಳೋಕೂ ಇದೇ ಸರಿಯಾದ ಕಾರಣ.

ತಗೊಳ್ಳೋದೇ ಆದ್ರೆ 2025 ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18%ಗೆ ಇಳಿದಿದೆ, ಅದನ್ನ ಲೆಕ್ಕಕ್ಕೆ ತಗೊಳ್ಳಿ, ಆದ್ರೆ ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ 5ರಿಂದ 10 ಲಕ್ಷದೊಳಗೆ 14% ಇದ್ದಿದ್ದು 10 ದಾಟಿದ್ರೆ 17% ಆಗುತ್ತೆ, ಮೇಲೆ ಸೆಸ್ ಬೇರೆ, ಶೋರೂಂನೋರು ಟಾಪ್ ಮಾಡೆಲ್ ತೋರ್ಸಿ ಮರುಳು ಮಾಡೋವಾಗ ಇದು ನೆನಪಿರ್ಲಿ. ಮೂರ್ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ ಫೀಲ್ಡ್ ಕೆಲಸಕ್ಕೆ ಧಾರಾಳ ಸಾಕು. ಏರ್‌ಬ್ಯಾಗು, ಎಬಿಎಸ್ ಇರ್ಬೇಕು, ಬಿಳಿ ಅಥವಾ ಬೂದು ಬಣ್ಣ ಇದ್ರೆ ಒಳ್ಳೇದು, ಕಪ್ಪು ಬಣ್ಣಕ್ಕೆ ನಮ್ಮ ಧೂಳೂ ಆಗಲ್ಲ ನಮ್ಮ ನೀರೂ ಆಗಲ್ಲ. ಗಾಡಿ ಮೇಲೆ ಸಾಲ ಇತ್ತಾ ನೋಡಿ, ಇದ್ರೆ ಬ್ಯಾಂಕ್ ಎನ್‌ಒಸಿ ಮತ್ತೆ ಆರ್‌ಸಿಯಿಂದ ಸಾಲ ತೆಗೆಸೋ ಫಾರಂ 35 ಕೈಗೆ ಬರೋವರ್ಗೂ ಪೂರ್ತಿ ದುಡ್ಡು ಕೊಡ್ಬೇಡಿ, 29 ಮತ್ತೆ 30ನೇ ಫಾರಂ ಸೈನ್ ಹಾಕ್ಸಿ ಆರ್‌ಟಿಒದಲ್ಲಿ ಹೆಸ್ರು ಬದಲಾಯಿಸ್ಕೊಳ್ಳಿ. ಹಳೇ ಗಾಡಿ ಮಾರೋವಾಗ ಅದ್ರ ಇನ್ಶೂರೆನ್ಸಲ್ಲಿ ಕ್ಲೇಮ್ ಮಾಡ್ದೆ ಉಳಿಸಿರೋ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಇರುತ್ತಲ್ಲ, 50%ವರ್ಗೂ ಆಗಿರಬಹುದು, ಅದು ಗಾಡಿಗೆ ಸೇರಿದ್ದಲ್ಲ, ನಿಮ್ಮ ಹೆಸ್ರಿಗೆ ಸೇರಿದ್ದು, ಇನ್ಶೂರೆನ್ಸ್ ಕಂಪನಿಯಿಂದ ಲೆಟರ್ ತಗೊಂಡು ಮುಂದಿನ ಗಾಡಿಗೆ ಹಾಕ್ಸ್ಕೊಳ್ಳಿ, ಮೂರು ವರ್ಷದವರ್ಗೂ ನಡೆಯುತ್ತೆ.